ಹುಳ ಇದ್ದ ನೀರು ಛಲೋನಾ? ಪುಣೆ ಸುತ್ತಲಿನ ಗುಡ್ಡದ ಹಳ್ಳಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಕೋಥರೂಡ್ ಕಡೆಯ ನಾವು ಏಳೆಂಟು ಕನ್ನಡದ ಮನೆಯವರು ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ಪಾನಶೇತ್, ಮುಳಶಿ ಕಡೆಯ ಹಳ್ಳಗಳಿಗೆ ಹೋಗುತ್ತೇವೆ. ಕಲ್ಲು ಎತ್ತಿ ನೋಡುತ್ತೇವೆ. ಅಡಿಯಲ್ಲಿ ಯಾವ ಹುಳ ಇದೆ, ಯಾವುದು ಇಲ್ಲ ಅಂತ ಬರೆದುಕೊಳ್ಳುತ್ತೇವೆ. ಅದರ ಮೇಲೆ ಹಳ್ಳದ ನೀರು ಹೇಗಿದೆ ಅಂತ ಅಂದಾಜು ಮಾಡುತ್ತೇವೆ. ಹೊಸದಾಗಿ ಬರುವವರೆಲ್ಲ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಕಾರಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿದ್ದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಹುಳ ಇದ್ದರೆ ನೀರು ಹೊಲಸು ಅಂತಲ್ವಾ?

ಇದನ್ನು ಮೊದಲು ಕೇಳಿದವರು ನಮ್ಮವ್ವ. ಫೋನಿನಲ್ಲಿ ವಿಷಯ ಹೇಳಿದೆ. "ಅಲ್ಲೋ, ಹುಳ ಇದ್ದ ನೀರು ಛಲೋ ಅಂತೀಯಲ್ಲ, ತಲಿ ಸರಿ ಐತಿಲ್ಲೋ ನಿಂದು?" ಅಂದರು.

ಮನೆಯ ಕೊಡದಲ್ಲಿ ಹುಳ ಕಂಡರೆ ಅವ್ವ ಹೇಳಿದ್ದೇ ಸರಿ. ಹಳ್ಳದ ಲೆಕ್ಕ ಬೇರೆ. ಅಲ್ಲಿ ಹುಳಗಳು ಊರಿನ ಖಾಯಂ ನಿವಾಸಿಗಳು. ಗುಡ್ಡದಿಂದ ಇಳಿಯುವ ಒಳ್ಳೆ ಹಳ್ಳದಲ್ಲಿ ಒಂದೊಂದು ಕಲ್ಲಿನಡಿ ನಾಲ್ಕೈದು ಥರದವು ಸಿಗುತ್ತವೆ. ಕಲ್ಲು ಎತ್ತಿದಾಗ ಏನೂ ಇಲ್ಲದಿದ್ದರೆ ಆಗ ಅನುಮಾನ ಪಡಬೇಕು. ಒಂದೇ ಥರದ ಹುಳ ಗಿಜಿಗುಟ್ಟುತ್ತಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಬೇಕು.

ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕೊಟ್ಟರೆ ಸಾಕಲ್ವಾ? ಇಷ್ಟೆಲ್ಲ ಯಾಕೆ?

ಸಾಹೇಬರು ತಪಾಸಣೆಗೆ ಬರುವ ದಿನ ಹೋಟೆಲಿನ ಅಡುಗೆಮನೆ ಚೊಕ್ಕ ಇರುತ್ತದೆ. ಅಲ್ಲೇ ಮೂರು ತಿಂಗಳಿಂದ ಪಾತ್ರೆ ತೊಳೆಯುವ ಹುಡುಗನನ್ನು ಕೇಳಿದರೆ ಬೇರೆ ಕಥೆ ಬರುತ್ತದೆ. ಬಾಟಲಿಯ ನೀರು ಆ ತಪಾಸಣೆಯ ದಿನ. ಹುಳ ಆ ಹುಡುಗ. ಶನಿವಾರ ರಾತ್ರಿ ಯಾರೋ ಟ್ಯಾಂಕರ್ ಹೊಲಸು ಬಿಟ್ಟರೆ ಸೋಮವಾರ ಬೆಳಗ್ಗೆಗೆ ಅದು ಹರಿದು ಹೋಗಿರುತ್ತದೆ, ಬಾಟಲಿಗೆ ಸಿಗೋದಿಲ್ಲ. ಕಲ್ಲಿನಡಿಯ ಹುಳ ಮಾತ್ರ ಎಲ್ಲೂ ಓಡಿಹೋಗಿರಲಿಲ್ಲ. ಕೆಲವು ಜಾತಿ ನೀರಿನಲ್ಲಿ ಕೆಲವೇ ವಾರ ಇದ್ದು ರೆಕ್ಕೆ ಬಂದು ಹಾರುತ್ತವೆ, ಕೆಲವು ವರ್ಷದವರೆಗೂ ಇರುತ್ತವೆ. ಅಷ್ಟು ದಿನದ ನೀರು ಅವುಗಳ ಮೈಮೇಲೆ ಹರಿದಿರುತ್ತದೆ.

ಹಾಗಂತ ಲ್ಯಾಬ್ ಬೇಡ ಅಂತಲ್ಲ. ಸ್ನಾನಕ್ಕೆ ಯೋಗ್ಯವಾದ ನದಿ ನೀರಿನಲ್ಲಿ ಬಿಓಡಿ (ನೀರಿನ ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಂಗಿಂತ ಕಮ್ಮಿ ಆಗಬಾರದು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಇದೆ. ಇದನ್ನು ಹುಳ ನೋಡಿ ಹೇಳೋಕೆ ಆಗಲ್ಲ. ಬಿಓಡಿ ಪರೀಕ್ಷೆಗೆ ನಮ್ಮ ದೇಶದಲ್ಲಿ ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಡುತ್ತಾರೆ. ಎಲ್ಲಿ ಬಾಟಲಿ ತುಂಬಬೇಕು ಅನ್ನೋದನ್ನು ಹುಳ ತೋರಿಸುತ್ತದೆ, ಎಷ್ಟು ಕೆಟ್ಟಿದೆ ಅನ್ನೋದನ್ನು ಲ್ಯಾಬ್ ಹೇಳುತ್ತದೆ. ಎರಡೂ ಬೇಕು.

ಹುಳಕ್ಕೆ ನೀರು ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?

ಉಸಿರಿನಿಂದ. ಚರಂಡಿ ನೀರು, ಸಗಣಿ, ಅನ್ನದ ಗಂಜಿ, ಏನೇ ಕೊಳೆಯುವಂಥದ್ದು ಹಳ್ಳಕ್ಕೆ ಬಿದ್ದರೂ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವೆ. ತಿನ್ನುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚು ಮಾಡುತ್ತವೆ. ಆ ಆಮ್ಲಜನಕವೇನು ಧಾರಾಳವಾಗಿ ಇರೋದಿಲ್ಲ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಗೆ ಬಂದರೆ ಏಳೂವರೆ. ನೀರು ಬೆಚ್ಚಗಾದಷ್ಟೂ ಕಮ್ಮಿ.

ಇದನ್ನು ನಾನು ಕಣ್ಣಾರೆ ಕಲಿತೆ, ಪಾಪ ಸ್ಟೋನ್‌ಫ್ಲೈ ಎಂಬ ಕೀಟದ ಒಂದು ಮರಿಯ ಖರ್ಚಿನಲ್ಲಿ. ಮೊದಲ ವರ್ಷ ಅದನ್ನು ಸ್ಟೀಲ್ ತಟ್ಟೆಗೆ ಹಾಕಿ, ತಟ್ಟೆಯನ್ನು ಬಿಸಿಲಿನಲ್ಲಿ ಕರಿಕಲ್ಲಿನ ಮೇಲೆ ಇಟ್ಟು ಫೋಟೋ ತೆಗೆಯುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅದು ಆರೂ ಕಾಲು ಊರಿ ಮೈಯನ್ನು ಮೇಲೆ ಕೆಳಗೆ ಮಾಡತೊಡಗಿತು. ಥೇಟ್ ಬೈಠಕ್ ಹೊಡೆದಂತೆ. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಅದು ಆಟ ಆಗಿರಲಿಲ್ಲ. ಕಿವಿರಿನ ಸುತ್ತ ಹೊಸ ನೀರು ಹರಿಸಿಕೊಳ್ಳೋಕೆ ಒದ್ದಾಡುತ್ತಿತ್ತು. ನನಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು. ಆವತ್ತಿನಿಂದ ತಟ್ಟೆ ನೆರಳಿನಲ್ಲಿ, ಐದು ನಿಮಿಷಕ್ಕೊಮ್ಮೆ ಹೊಸ ನೀರು. ಇದು ನಮ್ಮಲ್ಲಿ ಕಡ್ಡಾಯ.

ಇನ್ನು ಕೆಲವು ಹುಳಗಳು ಉಸಿರಿಗೆ ಬೇರೆ ದಾರಿ ಮಾಡಿಕೊಂಡಿವೆ. ಕೆಂಪು ಎರೆಯಂತೆ ಕಾಣುವ ಕೈರೊನಾಮಿಡ್ ಮರಿಯ ಮೈಯಲ್ಲಿ ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇದೆ. ಆಮ್ಲಜನಕ ಕಮ್ಮಿ ಇದ್ದರೂ ಹಿಡಿದಿಟ್ಟುಕೊಳ್ಳುತ್ತದೆ. ಇಲಿಬಾಲದ ಹುಳ ಅಂತ ಒಂದಿದೆ, ಹೂವಿನ ನೊಣವೊಂದರ ಮರಿ. ಹಿಂದಿನ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ ಗಾಳಿಯನ್ನೇ ಕುಡಿಯುತ್ತದೆ. ಫೈಸಾ ಎಂಬ ಸಣ್ಣ ಬಸವನಹುಳುವಿಗೆ ಶ್ವಾಸಕೋಶದಂಥ ಚೀಲವಿದೆ. ಉಳಿದವು ಸತ್ತುಹೋದ ಕಡೆ ಇವು ಆರಾಮಾಗಿ ಸಂಸಾರ ಮಾಡುತ್ತವೆ.

ಯಾವ ಯಾವ ಹುಳ ಗುರುತಿಸೋಕೆ ಬರಬೇಕು?

ಮೂರರಿಂದ ಶುರು ಮಾಡಿ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ. ಮೂರೂ ದೊಡ್ಡವಾದ ಮೇಲೆ ಹಾರುವಂಥವು, ಮರಿಗಳು ಮಾತ್ರ ನೀರಿನಲ್ಲಿ.

ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಅಪರೂಪಕ್ಕೆ ಎರಡು. ಹೊಟ್ಟೆಯ ಎರಡೂ ಪಕ್ಕ ಸಣ್ಣ ಎಲೆಯಂಥ ಕಿವಿರುಗಳು ಸಾಲಾಗಿರುತ್ತವೆ, ತಟ್ಟೆಯಲ್ಲಿ ಬಿಟ್ಟರೆ ಅವು ಪಟಪಟ ಆಡುವುದು ಕಾಣುತ್ತದೆ. ಕಾಲಿನ ತುದಿಯಲ್ಲಿ ಒಂದೇ ಉಗುರು. ನನಗೆ ಜಾಸ್ತಿ ಇಷ್ಟ ಇವುಗಳಲ್ಲಿ ಚಪ್ಪಟೆಯದು. ನೀರು ರಭಸವಾಗಿ ಬಡಿಯುವ ಕಲ್ಲಿಗೆ ಅಂಟಿಕೊಂಡಿರುತ್ತದೆ. ತಲೆ ಅಗಲ, ಕಣ್ಣು ನೆತ್ತಿಯ ಮೇಲೆ, ಮೈ ಇಸ್ತ್ರಿ ಹೊಡೆದಂತೆ. ಕಲ್ಲು ತಿರುಗಿಸಿದರೆ ಏಡಿಯ ಹಾಗೆ ಅಡ್ಡಡ್ಡ ಜಾರಿ ಮತ್ತೆ ಅಡಿಗೆ ಹೋಗುತ್ತದೆ. ಎಷ್ಟು ಚಪ್ಪಟೆ ಅಂದರೆ ನೀರು ಅದರ ಮೇಲಿಂದ ಹಾದುಹೋಗುತ್ತದೆ, ಎಳೆದುಕೊಂಡು ಹೋಗೋಕೆ ಹಿಡಿತವೇ ಸಿಗಲ್ಲ.

ಸ್ಟೋನ್‌ಫ್ಲೈಗೆ ಎರಡೇ ಬಾಲ, ಕಾಲಿಗೆ ಎರಡೆರಡು ಉಗುರು, ಕಿವಿರು ಕಂಕುಳಲ್ಲಿ ಬೆಳೆದ ಕೂದಲ ಗೊಂಚಲಿನ ಹಾಗೆ. ಹೊಟ್ಟೆಯ ಪಕ್ಕ ಎಲೆಗಳಿದ್ದರೆ ಮೇಫ್ಲೈ, ಕಂಕುಳಲ್ಲಿ ಗೊಂಚಲಿದ್ದರೆ ಸ್ಟೋನ್‌ಫ್ಲೈ. ಬಾಲ ಎಣಿಸಿ ಮೋಸ ಹೋಗಬೇಡಿ, ಹಿಡಿಯುವಾಗ ಮುರಿದಿರುತ್ತದೆ.

ಕ್ಯಾಡಿಸ್ ಮಾರಿಹುಳದಂಥದ್ದು. ಕೆಲವು ಬಾಯಿಂದ ರೇಷ್ಮೆ ನೂಲು ತೆಗೆದು ಮರಳಿನ ಕಣ, ಎಲೆಚೂರು ಅಂಟಿಸಿ ಕೊಳವೆ ಮನೆ ಕಟ್ಟಿಕೊಂಡು ಹೊತ್ತು ತಿರುಗುತ್ತವೆ. ಕೆಲವು ಕಲ್ಲುಗಳ ಸಂದಿಯಲ್ಲಿ ನೂಲಿನ ಬಲೆ ಹಾಕಿ, ಹರಿದು ಬಂದದ್ದನ್ನು ತಿನ್ನುತ್ತಾ ಕೂರುತ್ತವೆ. ಈ ಬಲೆಯವು ಸ್ವಲ್ಪ ಹೊಲಸು ಸಹಿಸುತ್ತವೆ. ನೀರಿನಲ್ಲಿ ತೇಲಿಬರುವ ಚೂರುಪಾರು ಜಾಸ್ತಿ ಆದರೆ ಅವಕ್ಕೆ ಊಟವೇ ಜಾಸ್ತಿ.

ಇವಲ್ಲದೆ ತಾಮ್ರದ ಕಾಸಿನಂತೆ ಕಲ್ಲಿಗೆ ಕಚ್ಚಿಕೊಂಡಿರುವ ವಾಟರ್ ಪೆನ್ನಿ, ಅದು ಒಂದು ದುಂಬಿಯ ಮರಿ. ಏರೋಪ್ಲೇನ್ ಚಿಟ್ಟೆಯ ಮರಿ ಇರುತ್ತದೆ. ಅದನ್ನು ಬೇರೆ ಹುಳಗಳ ಜೊತೆ ಒಂದೇ ತಟ್ಟೆಯಲ್ಲಿ ಬಿಟ್ಟರೆ ಎಣಿಕೆ ಮುಗಿಯುವಷ್ಟರಲ್ಲಿ ಎಣಿಸೋಕೆ ಏನೂ ಉಳಿಯಲ್ಲ. ಮಡಚಿಟ್ಟ ಕೆಳದುಟಿಯನ್ನು ಕೈಯಂತೆ ಚಾಚಿ ಹಿಡಿದು ತಿಂದುಬಿಡುತ್ತದೆ. ಅದಕ್ಕೆ ಪ್ರತ್ಯೇಕ ಬಟ್ಟಲು.

ಮೇಫ್ಲೈ ಸಿಕ್ಕಿತು. ಅಂದರೆ ನೀರು ಶುದ್ಧ, ಅಲ್ವಾ?

ಅಷ್ಟು ಸುಲಭ ಅಲ್ಲ. ಬೀಟಿಡ್ ಎಂಬ ಸಣ್ಣ, ಮೀನಿನಂತೆ ಚುರುಕಾಗಿ ಈಜುವ ಮೇಫ್ಲೈ ಮರಿಗಳು ಅರ್ಧಂಬರ್ಧ ಕೆಟ್ಟ ನೀರಿನಲ್ಲೂ ಇರುತ್ತವೆ. ಚಪ್ಪಟೆಯವು ಇರೋದಿಲ್ಲ. ಒಂದು ಹುಳ ನೋಡಿ ತೀರ್ಪು ಕೊಡಬಾರದು. ಎಷ್ಟು ಥರದವು ಒಟ್ಟಿಗೆ ಇವೆ ಅನ್ನೋದನ್ನೇ ನೋಡಬೇಕು.

ಸ್ಟೋನ್‌ಫ್ಲೈ ಸಿಗಲೇ ಇಲ್ಲ. ಹಳ್ಳ ಕೆಟ್ಟಿದೆಯಾ?

ಇರಲಿಕ್ಕಿಲ್ಲ. ಸ್ಟೋನ್‌ಫ್ಲೈಗಳು ತಣ್ಣೀರಿನ ದೇಶದವು. ಹಿಮಾಲಯದಲ್ಲಿ ಬೇಕಾದಷ್ಟಿವೆ, ನಮ್ಮ ಸಹ್ಯಾದ್ರಿಯಲ್ಲಿ ಬೆರಳೆಣಿಕೆಯ ಗುಂಪುಗಳು ಮಾತ್ರ. ವಿದೇಶಿ ಪಟ್ಟಿ ಹಿಡಿದು ಇಲ್ಲಿ ಹುಡುಕುವವರು ಇಲ್ಲೇ ಎಡವೋದು.

ಏನೇನು ಸಾಮಾನು ಬೇಕು?

ಬಲೆ, ಬಿಳಿ ತಟ್ಟೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಬಲೆಯ ಕಣ್ಣು ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಸೊಳ್ಳೆ ಪರದೆಯ ಬಟ್ಟೆ ನಾವೂ ನೋಡಿದೆವು, ಕಣ್ಣು ದೊಡ್ಡದು, ಸಣ್ಣ ಹುಳ ಜಾರಿ ಹೋಗುತ್ತವೆ. ಚಹಾ ಸೋಸುವ ಜಾಲರಿ ಮಕ್ಕಳ ಕೈಗೆ ಹೇಳಿ ಮಾಡಿಸಿದ್ದು. ಹುಳ ಎತ್ತೋಕೆ ಚಿಮಟ ಬೇಡ, ಮೈ ನಜ್ಜುಗುಜ್ಜಾಗುತ್ತದೆ. ಚಿತ್ರ ಬಿಡಿಸುವ ಮೆತ್ತನೆ ಕುಂಚ ಒದ್ದೆ ಮಾಡಿ ಮುಟ್ಟಿಸಿದರೆ ತಾನೇ ಅಂಟಿ ಬರುತ್ತದೆ. ಬೇರೆ ಬೇರೆ ಇಡೋಕೆ ಫ್ರಿಜ್ಜಿನ ಐಸ್ ಟ್ರೇ. ಅದನ್ನು ವಾಪಸ್ ಫ್ರಿಜ್ಜಿಗೆ ಇಡಬೇಡಿ, ಇದರ ಮೇಲೆ ನಮ್ಮ ಮನೆಯಲ್ಲಿ ಒಮ್ಮೆ ದೊಡ್ಡ ಜಗಳವೇ ಆಗಿದೆ.

ಹಿಡಿಯುವುದು ಹೇಗೆ?

ಆಳದ ಮಡುವಿನಲ್ಲಿ ಅಲ್ಲ. ಮೊಣಕಾಲಿಗಿಂತ ಕಮ್ಮಿ ನೀರು ಕಲ್ಲುಗಳ ಮೇಲೆ ಸದ್ದು ಮಾಡುತ್ತಾ ಹರಿಯುವ ಜಾಗ ಆರಿಸಿ. ಗಾಳಿ ಚೆನ್ನಾಗಿ ಬೆರೆಯುವುದು ಅಲ್ಲೇ. ಬಲೆಯನ್ನು ಹರಿವಿಗೆ ಎದುರಾಗಿ ನೆಲಕ್ಕೆ ಒತ್ತಿ ಹಿಡಿಯಿರಿ. ನೀವು ಬಲೆಯ ಮೇಲ್ಬದಿಗೆ ನಿಂತು ಕಾಲಿನಿಂದ ಕಲ್ಲು, ಮರಳು ಕೆದಕಿ. ಮೇಲೆದ್ದ ಹುಳವನ್ನು ನೀರೇ ತಂದು ಬಲೆಗೆ ಹಾಕುತ್ತದೆ. ಗಡಿಯಾರ ನೋಡಿಕೊಂಡು ಮೂರು ನಿಮಿಷ. ಎರಡು ಜಾಗ ಹೋಲಿಸುವಾಗ ಎರಡೂ ಕಡೆ ಅಷ್ಟೇ ಹೊತ್ತು, ಆದಷ್ಟೂ ಒಬ್ಬರೇ ಕೆದಕಬೇಕು. ಉತ್ಸಾಹಿಗಳು ಒಂದು ಕಡೆ ಕುಣಿದು ಇನ್ನೊಂದು ಕಡೆ ಸುಮ್ನೆ ಕಾಲಾಡಿಸಿದರೆ ಲೆಕ್ಕ ಹಳ್ಳದ್ದಲ್ಲ, ಕಾಲಿನದ್ದು. ಮೊದಲು ಕೆಳಗಿನ ಜಾಗ, ಆಮೇಲೆ ಮೇಲಿನದು. ಇಲ್ಲದಿದ್ದರೆ ನೀವೇ ಕದಡಿದ ನೀರು ಕೆಳಗೆ ಬರುತ್ತದೆ.

ಯಾವ ತಿಂಗಳು ಒಳ್ಳೆಯದು?

ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಪುಣೆ ಊರಿಗೆ ವರ್ಷಕ್ಕೆ ಬೀಳುವುದು 700 ಮಿಲಿಮೀಟರ್ ಆಸುಪಾಸಿನ ಮಳೆ. ಐವತ್ತು ಅರವತ್ತು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ತಾಮ್ಹಿಣಿ ಘಾಟಿನಲ್ಲಿ ಅದರ ಹಲವು ಪಟ್ಟು. ಆ ರಭಸಕ್ಕೆ ಹುಳಗಳೇ ಕೊಚ್ಚಿ ಹೋಗಿರುತ್ತವೆ, ಮತ್ತೆ ತುಂಬಿಕೊಳ್ಳೋಕೆ ಸಮಯ ಬೇಕು. ಏಪ್ರಿಲ್ ಮೇ ಹೊತ್ತಿಗೆ ಎಷ್ಟೋ ಹಳ್ಳ ಒಣಗಿ ಅಲ್ಲಲ್ಲಿ ಗುಂಡಿ ನೀರು ಮಾತ್ರ ಉಳಿದಿರುತ್ತದೆ. ಆಗ ಸಿಗುವ ಹುಳ ಬೇರೆಯೇ, ಹೋಲಿಕೆಗೆ ಬರಲ್ಲ.

ಮಳೆಗಾಲದಲ್ಲಿ ಇಳಿಯಬೇಡಿ ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. 2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಮಿನ ಹಿಂದಿನ ಜಲಪಾತದಲ್ಲಿ ಪುಣೆಯ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ನೀವು ನಿಂತ ಕಡೆ ಮಳೆ ಇಲ್ಲದಿದ್ದರೂ ಗುಡ್ಡದ ಮೇಲೆ ಬಿದ್ದದ್ದು ನಿಮ್ಮ ಕಾಲಿಗೆ ಬರುತ್ತದೆ.

ಅಂಕ ಕೊಡೋದು ಹೇಗೆ?

ಹುಳ ನೋಡಿ ನೀರು ಅಳೆಯುವ ಯೋಚನೆ ಹೊಸದಲ್ಲ. ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ 1908-09ರಲ್ಲೇ ಯಾವ ಜೀವಿ ಎಷ್ಟು ಕೊಳೆ ಸಹಿಸುತ್ತದೆ ಅಂತ ಪಟ್ಟಿ ಮಾಡಿದ್ದರು. ನಮ್ಮಂಥವರಿಗೆ ಸುಲಭವಾದದ್ದು ಬ್ರಿಟನ್ನಿನಲ್ಲಿ ಬಂದ ಬಿಎಂಡಬ್ಲ್ಯುಪಿ ಪದ್ಧತಿ. ಹೆಸರು ಕೇಳಿ ಕಾರು ಅಂದುಕೊಳ್ಳಬೇಡಿ. ಹುಳದ ಒಂದೊಂದು ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ. ನಾಜೂಕಿನವಕ್ಕೆ 10, ಏನನ್ನೂ ಸಹಿಸುವವಕ್ಕೆ 1. ಎಷ್ಟು ಹುಳ ಸಿಕ್ಕವು ಅನ್ನೋದು ಲೆಕ್ಕಕ್ಕಿಲ್ಲ, ಕುಟುಂಬ ಇದೆಯೋ ಇಲ್ಲವೋ ಅಷ್ಟೇ. ಕೂಡಿಸಿ, ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ.

ಒಂದು ಉದಾಹರಣೆ ಮಾಡಿ ನೋಡೋಣ. ಊರಿನ ಮೇಲೆ ಹಳ್ಳದಲ್ಲಿ ಚಪ್ಪಟೆ ಮೇಫ್ಲೈ 10, ಲೆಪ್ಟೊಫ್ಲೀಬಿಡ್ ಮೇಫ್ಲೈ 10, ಸ್ಟೋನ್‌ಫ್ಲೈ 10, ಸೀನಿಡ್ ಮೇಫ್ಲೈ 7, ಬೀಟಿಡ್ 4, ಗಾಂಫಿಡ್ ಏರೋಪ್ಲೇನ್ ಚಿಟ್ಟೆಯ ಮರಿ 8, ಬಲೆ ಹಾಕುವ ಕ್ಯಾಡಿಸ್ 5, ಎಲ್ಮಿಡ್ ದುಂಬಿ 5, ಕಪ್ಪುನೊಣದ ಮರಿ 5, ಕೈರೊನಾಮಿಡ್ 2. ಒಟ್ಟು 66, ಕುಟುಂಬ ಹತ್ತು, ಸರಾಸರಿ 6.6. ಊರಿನ ಕೆಳಗೆ ಬೀಟಿಡ್ 4, ಬಲೆಯ ಕ್ಯಾಡಿಸ್ 5, ಕೈರೊನಾಮಿಡ್ 2, ಫೈಸಾ 3, ಜಿಗಣೆ 3, ಟ್ಯೂಬಿಫೆಕ್ಸ್ ಎರೆ 1. ಒಟ್ಟು 18, ಕುಟುಂಬ ಆರು, ಸರಾಸರಿ 3. ಸಾಮಾನ್ಯವಾಗಿ 6ರ ಮೇಲಿದ್ದರೆ ನೀರು ಚೆನ್ನಾಗಿದೆ, 4ರ ಕೆಳಗೆ ಬಂದರೆ ಕೆಟ್ಟಿದೆ ಅಂತ ಓದುತ್ತಾರೆ.

ಆ ಗೆರೆಗಳನ್ನು ನಾನು ಅಷ್ಟಾಗಿ ನಂಬಲ್ಲ. ಮೂಲ ಪಟ್ಟಿ ಬ್ರಿಟನ್ನಿನ ಹೊಳೆಗಳಿಗೆ ಮಾಡಿದ್ದು. ನಮ್ಮ ವಾಟರ್ ಪೆನ್ನಿಗೆ ಅದರಲ್ಲಿ ಅಂಕವೇ ಇಲ್ಲ, ಸಹ್ಯಾದ್ರಿಯ ಹಳ್ಳದ ಏಡಿಗೂ ಇಲ್ಲ. ನಂಬಬೇಕಾದ್ದು ವ್ಯತ್ಯಾಸವನ್ನು. ಅದೇ ಹಳ್ಳ, ಅದೇ ದಿನ, ಅದೇ ಥರದ ಕಲ್ಲು, ಮೇಲೆ 6.6 ಕೆಳಗೆ 3. ನಡುವೆ ಏನೋ ಆಗಿದೆ. ಮೇಲಿನ ಜಾಗ ನೋಡದೆ ಕೆಳಗಿನದರ ಬಗ್ಗೆ ಮಾತಾಡೋದು ನಮ್ಮ ಗುಂಪಿನಲ್ಲಿ ನಿಷಿದ್ಧ. ಅಧಿಕೃತ ಅಳತೆಗೆ ಕೇಂದ್ರ ಮಂಡಳಿಯದ್ದೇ ಜೈವಿಕ ಮಾನದಂಡ ಇದೆ, ಎ ಇಂದ ಇ ವರೆಗೆ ಐದು ದರ್ಜೆ.

ನೀರು ಕನ್ನಡಿಯಂತಿದೆ, ವಾಸನೆ ಇಲ್ಲ. ಆದರೂ ಹುಳ ಇಲ್ಲ. ಯಾಕೆ?

ಅಡಿಯ ಕಲ್ಲು ಅಲುಗಾಡಿಸಿ ನೋಡಿ. ಕಲ್ಲು ಮಣ್ಣಿನಲ್ಲಿ ಹೂತು ಕೂತಿದ್ದರೆ ಕಾರಣ ಅದೇ. ಪುಣೆ ಪಶ್ಚಿಮದಲ್ಲಿ ರಸ್ತೆಗೆ, ಬಂಗಲೆ ಪ್ಲಾಟಿಗೆ ಗುಡ್ಡ ಕಡಿಯುವುದು ಹೊಸದೇನಲ್ಲ. ಮೊದಲ ಮಳೆಗೆ ಆ ಮಣ್ಣೆಲ್ಲ ಹಳ್ಳಕ್ಕಿಳಿದು ಕಲ್ಲುಗಳ ಸಂದಿ ಮುಚ್ಚುತ್ತದೆ. ಹುಳದ ಮನೆ ಇರುವುದೇ ಆ ಸಂದಿಯಲ್ಲಿ. ಡಿಸೆಂಬರಿನಲ್ಲಿ ನೀರು ತಿಳಿಯಾಗುತ್ತದೆ, ಬಾಟಲಿ ಪರೀಕ್ಷೆ ಪಾಸಾಗುತ್ತದೆ, ಮನೆ ಮಾತ್ರ ಹೋಗಿರುತ್ತದೆ.

ಎರೆ, ಬಸವನಹುಳು ಇದ್ದು ಕಾಲಿರುವ ಕೀಟಗಳೆಲ್ಲ ಒಟ್ಟಿಗೆ ಮಾಯವಾಗಿದ್ದರೆ ಮೇಲೆ ಎಲ್ಲಾದರೂ ಕೀಟನಾಶಕ ಹೊಡೆದಿದ್ದಾರಾ ವಿಚಾರಿಸಿ. ಗದ್ದೆಯವರನ್ನು ಬೈಯುವ ದನಿಯಲ್ಲಿ ಅಲ್ಲ.

ಅಂಕ ಚೆನ್ನಾಗಿ ಬಂದರೆ ಆ ನೀರು ಕುಡಿಯಬಹುದಾ?

ಬೇಡ. ಎಮ್ಮೆಯ ಸಗಣಿಯ ಬ್ಯಾಕ್ಟೀರಿಯಾ, ಇಲಿಜ್ವರದ ರೋಗಾಣು ಇವೆಲ್ಲ ಹುಳಕ್ಕೆ ಸಂಬಂಧವೇ ಇಲ್ಲದ ವಿಷಯ. ಹೊಳೆಯುವ ನೀರಿನಲ್ಲೂ ಇರಬಹುದು. ನಮ್ಮ ಅಜ್ಜಿಯಂದಿರು ಬಾವಿ ನೀರನ್ನು ಸೀರೆ ಮಡಚಿ ಸೋಸುತ್ತಿದ್ದರಲ್ಲ, ಅದಕ್ಕೂ ಅರ್ಥವಿತ್ತು. ನಾರುಹುಣ್ಣು ಹರಡುತ್ತಿದ್ದದ್ದು ನೀರಿನ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯಿಂದ, ಬಟ್ಟೆ ಅದನ್ನು ತಡೆಯುತ್ತಿತ್ತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ನೀವು ಮನೆಯಿಂದ ಬಾಟಲಿ ತನ್ನಿ. ಕಾಲಿಗೆ ಗಾಯ ಇದ್ದರೆ ಆವತ್ತು ದಡದಲ್ಲೇ ಕೂತು ಲೆಕ್ಕ ಬರೆಯಿರಿ.

ಊರೊಳಗಿನ ರಾಮ ನದಿಯಲ್ಲಿ ಮಾಡಬಹುದಾ?

ಬಾವಧನ್, ಪಾಷಾಣ್ ದಾಟಿ ಬರುವಷ್ಟರಲ್ಲಿ ಅದರ ಉತ್ತರ ಮೂಗಿಗೇ ಗೊತ್ತಾಗುತ್ತದೆ. ಮಾಡಲೇಬೇಕಿದ್ದರೆ ಗಮ್‌ಬೂಟು, ಕೈಗವಸು, ಮಕ್ಕಳಿಲ್ಲದೆ.

ಅನುಮತಿ ಬೇಕಾ?

ತಾಮ್ಹಿಣಿ, ಭೀಮಾಶಂಕರ ಅಭಯಾರಣ್ಯದ ಗಡಿಯೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹುಳ ಹಿಡಿಯುವಂತಿಲ್ಲ. ನಾವು ಹೊರಗಿನ ಹಳ್ಳಗಳಿಗೇ ಹೋಗುವುದು. ಅಲ್ಲೂ ಪಕ್ಕದ ಹೊಲದವರನ್ನು ಮೊದಲು ಮಾತಾಡಿಸಿ. "ಕಾಯ್ ಶೋಧತಾಯ್? ಖೇಕಡೆ?" ಅಂತ ಕೇಳೇ ಕೇಳುತ್ತಾರೆ, ಏಡಿ ಹಿಡಿಯೋಕೆ ಬಂದಿದ್ದೀರಾ ಅಂತ. ಒಮ್ಮೆ ಹೀಗೆ ಕೇಳಿದ ಅಜ್ಜಿ ತಟ್ಟೆಯಲ್ಲಿ ಕಣ್ಣಾಡಿಸಿ, ಇವು ಮೊದಲು ಆ ಊಟದ ಹೋಟೆಲಿನ ಕೆಳಗೂ ಇದ್ದವು, ಅದು ಶುರುವಾದ ಮೇಲೆ ಕಾಣೆ ಅಂದರು. ನಾವು ಮೂರು ಭಾನುವಾರ ಹುಡುಕುತ್ತಿದ್ದ ಉತ್ತರ ಅದು. ಎಣಿಸಿ ಮುಗಿದ ಮೇಲೆ ಹುಳಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು. ಎತ್ತಿದ ಕಲ್ಲನ್ನು ಇದ್ದ ಹಾಗೇ, ಅದೇ ಮಗ್ಗುಲಿಗೆ ಇಡಬೇಕು.

ಇದೆಲ್ಲ ಮಾಡಿ ನಮಗೇನು ಬಂತು? ನಾವಿಲ್ಲಿ ಬಾಡಿಗೆಗೆ ಇರೋರು.

ಪಾನಶೇತ್ ಮೇಲಿನ ಹಳ್ಳ ಆಂಬಿ ನದಿಗೆ ಸೇರುತ್ತದೆ. ಅಲ್ಲಿಂದ ಖಡಕ್‌ವಾಸ್ಲಾ, ಅಲ್ಲಿಂದ ಮುಠಾ ಆಗಿ ಪುಣೆ ಊರೊಳಗೆ. ಸಂಗಮದಲ್ಲಿ ಮುಳಾ ಜೊತೆ ಕೂಡಿ ಮುಂದೆ ಭೀಮೆಗೆ. ಉಜನಿ ಡ್ಯಾಮ್, ಪಂಢರಪುರ ದಾಟಿ ನಮ್ಮ ಅಫಜಲಪುರ ತಾಲ್ಲೂಕು. ದೇವಲ ಗಾಣಗಾಪುರದ ಸಂಗಮದಲ್ಲಿ ನಮ್ಮವ್ವ ಮುಳುಗು ಹಾಕುವುದು ಇದೇ ಭೀಮೆಯಲ್ಲಿ. ಕೊನೆಗೆ ರಾಯಚೂರು ಹತ್ತಿರ ಕೃಷ್ಣೆಗೆ. ಬಾಡಿಗೆ ಮನೆ ಇಲ್ಲಿರಬಹುದು, ನೀರು ಊರಿಗೇ ಹೋಗುತ್ತಿದೆ. ಮುಳಶಿ ಡ್ಯಾಮಿನ ನೀರು ಮಾತ್ರ ಬಹುಪಾಲು ಭಿರಾ ವಿದ್ಯುತ್ ಕೇಂದ್ರಕ್ಕೆ, ಪಶ್ಚಿಮಕ್ಕೆ ಇಳಿಯುತ್ತದೆ. ಹಾಗಾಗಿ ನಮ್ಮ ಗುಂಪಿನ ಭೀಮಾ ತೀರದವರಿಗೆ ಪಾನಶೇತ್ ಮೇಲೆ ಸ್ವಲ್ಪ ಪಕ್ಷಪಾತ.

ಈ ಹುಳಗಳಿಗೆ ಕನ್ನಡದಲ್ಲಿ ಹೆಸರಿಲ್ಲವಾ?

ಏಡಿ, ಜಿಗಣೆ, ಬಸವನಹುಳು, ಏರೋಪ್ಲೇನ್ ಚಿಟ್ಟೆ ಇವೆಲ್ಲ ಇವೆ. ಕಲ್ಲಿನಡಿಯ ಮರಿಗಳನ್ನು ಮಾತ್ರ ಎಲ್ಲವನ್ನೂ ಸೇರಿಸಿ ಹುಳ ಅಂದುಬಿಡುತ್ತೇವೆ. ನಮ್ಮ ಜೊತೆ ಬರುವ ಮಕ್ಕಳು ಕಾಯಲಿಲ್ಲ. ವಾಟರ್ ಪೆನ್ನಿಗೆ ರೊಕ್ಕದ ಹುಳ ಅಂದರು. ಕ್ಯಾಡಿಸ್‌ಗೆ ಮನೆಹೊರುಕ. ಚಪ್ಪಟೆ ಮೇಫ್ಲೈಗೆ ಇಸ್ತ್ರಿ ಹುಳ. ಲೆಕ್ಕದ ಪುಸ್ತಕದಲ್ಲೂ ಈಗ ಅದೇ ಹೆಸರು. ಸ್ಟೋನ್‌ಫ್ಲೈಗೆ ಬೈಠಕ್ ಹುಳ ಅನ್ನೋಣ ಅಂತ ಒಬ್ಬ ಹೇಳಿದ. ತಟ್ಟೆಯ ಕಥೆ ನೆನಪಾಗಿ ನಾನೇ ಬೇಡ ಅಂದೆ. ಅದರ ಜಾಗ ಪುಸ್ತಕದಲ್ಲಿ ಇನ್ನೂ ಖಾಲಿ ಇದೆ, ಹೊಳೆದರೆ ಹೇಳಿ.